ಅವ್ವನ ಕೈ ಹಿಡಿದು ಲ್ಯಾಬಿಗೆ ನಡೆಯಿರಿ

ಪುಣೆಯ ಕೊಂಢವಾದ ಕನ್ನಡದ ಹುಡುಗರೇ, ಹುಡುಗಿಯರೇ, ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ಅದಕ್ಕೆ ಪಟ್ಟಿ ಎತ್ತಬೇಕಾಗಿಲ್ಲ, ಮಂಟಪ ಹಾಕಬೇಕಾಗಿಲ್ಲ, ಮೈಕು ಬೇಕಾಗಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು: ‘ನಿಮಗೆ ಯಾವತ್ತಾದರೂ ರಕ್ತ ಹಾಕಿದ್ದರಾ?’ ಹೌದೆಂದರೆ ಅವರನ್ನು ಕರೆದುಕೊಂಡು ಲ್ಯಾಬಿನವರೆಗೆ ನಡೆಯಬೇಕು. ವರದಿಯಲ್ಲಿ ಏನೇ ಬಂದಿರಲಿ, ಅವರ ಮಗ್ಗುಲು ಬಿಡಬಾರದು. ಕೆಲಸ ಇಷ್ಟೇ. ಇಷ್ಟರಿಂದಲೇ ಒಂದು ಜೀವ ಉಳಿಯಬಹುದು.

ನಾನು ಹೇಳುತ್ತಿರುವುದು ಹೆಪಟೈಟಿಸ್ ಸಿ ಸೋಂಕಿನ ಬಗ್ಗೆ. ಲಿವರನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುವ ವೈರಾಣು ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ, ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಈ ಸೋಂಕಿದೆ. 2022ರಲ್ಲಿ ಜಗತ್ತಿನಾದ್ಯಂತ 2.42 ಲಕ್ಷ ಜನ ಇದರಿಂದ ಸತ್ತರು. ಇಷ್ಟು ಕೇಳಿ ಹೆದರುವ ಮೊದಲು ಮುಂದಿನದನ್ನೂ ಕೇಳಿ. ಇದು ಮಾತ್ರೆ ನುಂಗಿ ಪೂರ್ತಿ ಗುಣಪಡಿಸಿಕೊಳ್ಳಬಹುದಾದ ಕಾಯಿಲೆ. ಹೆಚ್ಚಿನವರಿಗೆ ಹನ್ನೆರಡು ವಾರದ ಚಿಕಿತ್ಸೆ ಸಾಕು. ಅದನ್ನು ಮುಗಿಸಿದ ನೂರು ಜನರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ಮೈಯಿಂದ ವೈರಾಣು ಹೊರಟುಹೋಗುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಪುಕ್ಕಟೆ, ಮಾತ್ರೆಯೂ ಪುಕ್ಕಟೆ.

ಹಾಗಾದರೆ ಜನ ಸಾಯುವುದು ಯಾಕೆ? ತಮಗೆ ರೋಗ ಇದೆಯೆಂಬುದೇ ಅವರಿಗೆ ಗೊತ್ತಿಲ್ಲ. 2022ರ ಕೊನೆಯ ಲೆಕ್ಕದಲ್ಲಿ ಜಗತ್ತಿನ ಸೋಂಕಿತರ ಪೈಕಿ ಶೇ. 36ರಷ್ಟು ಜನರಿಗೆ ಮಾತ್ರ ರೋಗ ಪತ್ತೆಯಾಗಿತ್ತು. ಔಷಧ ಆಸ್ಪತ್ರೆಯ ಕಪಾಟಿನಲ್ಲಿದೆ, ರೋಗಿ ಮನೆಯಲ್ಲಿದ್ದಾನೆ. ಇವೆರಡರ ನಡುವಿನ ದಾರಿಯಲ್ಲಿ ವಿಜ್ಞಾನಿಗಳಿಗೆ ಇನ್ನು ಹೆಚ್ಚು ಕೆಲಸವಿಲ್ಲ. ಅಲ್ಲಿ ಬೇಕಾಗಿರುವವರು ನೀವು.

ನೀವು ಬೆಳೆಯುತ್ತಿದ್ದಾಗ ನಡೆದದ್ದು

ಇಪ್ಪತ್ತು ದಾಟಿದ ನಿಮಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ನೀವು ಹುಟ್ಟಿದ ಹೊತ್ತಿಗೆ ಈ ರೋಗಕ್ಕಿದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಅದರ ಜೊತೆಗೆ ರಿಬಾವಿರಿನ್ ಮಾತ್ರೆ. ಆರು ತಿಂಗಳು, ಕೆಲವರಿಗೆ ಒಂದು ವರ್ಷ, ಬಿಡದೆ ಚುಚ್ಚಿಸಿಕೊಳ್ಳಬೇಕಿತ್ತು. ಜ್ವರ, ಮೈಕೈ ನೋವು, ರಕ್ತಹೀನತೆ, ಉದುರುವ ಕೂದಲು, ಕುಗ್ಗಿದ ಮನಸ್ಸು, ಇಷ್ಟನ್ನೂ ತಾಳಿಕೊಂಡ ಮೇಲೂ ಎಷ್ಟೋ ಜನರಿಗೆ ಗುಣ ಕಾಣುತ್ತಿರಲಿಲ್ಲ. ದುಡ್ಡಿದ್ದವರು ಪ್ರಯತ್ನ ಮಾಡುತ್ತಿದ್ದರು, ಇಲ್ಲದವರು ದಿನ ಎಣಿಸುತ್ತಿದ್ದರು.

ಅದಕ್ಕೂ ಹಿಂದೆ ಈ ವೈರಾಣುವಿಗೆ ಹೆಸರೇ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಹಾರ್ವೆ ಆಲ್ಟರ್, ರಕ್ತ ಹಾಕಿಸಿಕೊಂಡ ರೋಗಿಗಳಲ್ಲಿ ಕಾಣುತ್ತಿದ್ದ ಲಿವರ್ ಉರಿಯೂತವನ್ನು ಬೆನ್ನುಹತ್ತಿದರು. ಪರೀಕ್ಷೆ ಮಾಡಿದರೆ ಅದು ಹೆಪಟೈಟಿಸ್ ಎ ಆಗಿರಲಿಲ್ಲ, ಬಿ ಕೂಡ ಆಗಿರಲಿಲ್ಲ. ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್ ಎಂದೇ ವರ್ಷಗಟ್ಟಲೆ ಅದನ್ನು ಕರೆದರು. ಕೈರಾನ್ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ ಮೈಕೆಲ್ ಹೌಟನ್ ಮತ್ತು ಅವರ ಸಂಗಡಿಗರಾದ ಕ್ವಿ-ಲಿಮ್ ಚೂ, ಜಾರ್ಜ್ ಕುವೊ, ಅಲ್ಲದೆ ಹೊರಗಿನಿಂದ ನೆರವಾದ ಡೇನಿಯಲ್ ಬ್ರಾಡ್ಲಿ, ಲಕ್ಷಾಂತರ ಜೀನ್ ತುಣುಕುಗಳನ್ನು ಜಾಲಾಡಿ, ವೈರಾಣುವಿನದೊಂದು ತುಣುಕನ್ನು ಹಿಡಿದು 1989ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಬೀಳದ ವೈರಾಣುವನ್ನು ಅದರ ಜೀನಿನಿಂದ ಗುರುತಿಸಿದ್ದು ಅದು. 1997ರಲ್ಲಿ ಚಾರ್ಲ್ಸ್ ರೈಸ್ ಈ ವೈರಾಣು ಒಂದೇ ಸಾಕು ರೋಗ ತರಲು ಎಂದು ಸಾಬೀತು ಮಾಡಿದರು. 2020ರಲ್ಲಿ ಆಲ್ಟರ್, ಹೌಟನ್, ರೈಸ್ ಮೂವರಿಗೂ ನೊಬೆಲ್ ಬಂತು. ಇದೇ ಹೌಟನ್ 2013ರಲ್ಲಿ ಗೇರ್ಡ್‌ನರ್ ಎಂಬ ದೊಡ್ಡ ಪ್ರಶಸ್ತಿಯನ್ನು ಬೇಡವೆಂದಿದ್ದರು. ಚೂ ಮತ್ತು ಕುವೊ ಅವರನ್ನು ಬಿಟ್ಟು ನನಗೊಬ್ಬನಿಗೇ ಯಾಕೆ ಎಂಬುದು ಅವರ ತಕರಾರು. ಸಂಗಡಿಗರ ಪಾಲನ್ನು ನುಂಗದ ಈ ನಡೆಯನ್ನು ನಿಮ್ಮ ವಯಸ್ಸಿನವರು ನೆನಪಿಟ್ಟುಕೊಳ್ಳಬೇಕು.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಬೆಲೆ ಒಂದು ಮಾತ್ರೆಗೆ 1,000 ಡಾಲರ್. ಹನ್ನೆರಡು ವಾರಕ್ಕೆ 84,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 50 ಲಕ್ಷ ರೂಪಾಯಿ. ಔಷಧ ಬಂತು, ಕೈಗೆ ಎಟುಕಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಮಾತ್ರೆಯ ಹಕ್ಕು ಹೊಂದಿದ್ದ ಗಿಲಿಯಡ್ ಕಂಪನಿ ಭಾರತದ ಏಳು ಔಷಧ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೊಲ್ಯಾಬ್ ಕೂಡ ಒಂದು. 2015ರಿಂದ ನಮ್ಮ ಮೆಡಿಕಲ್ ಅಂಗಡಿಗಳಿಗೆ ಬಂದ ಮಾತ್ರೆಯ ಬೆಲೆ ಅಮೆರಿಕದ ಬೆಲೆಯ ಒಂದು ಸಣ್ಣ ಚೂರು ಮಾತ್ರ. 2016ರಲ್ಲಿ ಪಂಜಾಬ್ ಸರ್ಕಾರ ತನ್ನ ಜನರಿಗೆ ಪುಕ್ಕಟೆ ಚಿಕಿತ್ಸೆ ಶುರುಮಾಡಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಇಡೀ ದೇಶಕ್ಕೆ ತಂದಿತು. 2030ರೊಳಗೆ ಹೆಪಟೈಟಿಸ್ ಸಿಯನ್ನು ದೇಶದಿಂದ ತೊಲಗಿಸುವುದು ಅದರ ಗುರಿ.

ಹೆಸರಿಲ್ಲದ ರೋಗಕ್ಕೆ ಪುಕ್ಕಟೆ ಮಾತ್ರೆ ಸಿಗುವವರೆಗಿನ ಕಥೆಯ ಕೊನೆಯ ಭಾಗವೆಲ್ಲ ನೀವು ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲೇ ನಡೆದಿದೆ. ನಿಮ್ಮ ಅಜ್ಜನ ಕಾಲದವರಿಗೆ ಈ ಭಾಗ್ಯ ಇರಲಿಲ್ಲ. ನಿಮಗಿದೆ.

ರಕ್ತದ ದಾರಿ

ಈ ವೈರಾಣು ಹರಡುವುದು ರಕ್ತದಿಂದ ರಕ್ತಕ್ಕೆ. ಊಟದಿಂದ ಬರುವುದಿಲ್ಲ, ನೀರಿನಿಂದ ಬರುವುದಿಲ್ಲ, ಕೆಮ್ಮಿನಿಂದ ಬರುವುದಿಲ್ಲ. ಒಂದೇ ತಾಟಿನಲ್ಲಿ ಉಂಡರೆ, ಅಪ್ಪಿಕೊಂಡರೆ, ಕೂಸಿಗೆ ಹಾಲು ಕುಡಿಸಿದರೆ ಬರುವುದಿಲ್ಲ. ಹಾಗಾದರೆ ನಮ್ಮ ಜನರ ಮೈಗೆ ಅದು ಎಲ್ಲಿಂದ ಬಂದಿರಬಹುದು?

ನಿಮ್ಮ ಅವ್ವನ ಕಾಲಕ್ಕೆ ಹೋಗಿ. ಅಫಜಲಪುರ, ಸಿಂದಗಿ, ಇಂಡಿ, ಆಳಂದ, ಶಹಾಪುರದ ಕಡೆಯ ಹಳ್ಳಿಗಳಲ್ಲಿ ಜ್ವರ ಬಂದರೆ ‘ಒಂದು ಸೂಜಿ ಮಾಡ್ರಿ’ ಎನ್ನುವುದೇ ರೂಢಿ. ಮಾತ್ರೆ ಬರೆದುಕೊಟ್ಟ ಡಾಕ್ಟರು ಡಾಕ್ಟರೇ ಅಲ್ಲ ಅನ್ನಿಸುತ್ತಿತ್ತು. ಗಾಜಿನ ಸಿರಿಂಜು, ಬಿಸಿನೀರಿನಲ್ಲಿ ಅದ್ದಿ ತೆಗೆದ ಸೂಜಿ, ಅದೇ ಸೂಜಿಯಿಂದ ಸಾಲಾಗಿ ಎಷ್ಟೋ ಜನರಿಗೆ ಚುಚ್ಚು. ಹೆರಿಗೆಯಲ್ಲಿ ರಕ್ತ ಹೋಯಿತೆಂದು, ಗರ್ಭಚೀಲ ತೆಗೆಸುವಾಗ ಬೇಕೆಂದು ಒಂದೆರಡು ಬಾಟಲಿ ರಕ್ತ ಹಾಕಿಸಿಕೊಂಡವರು ಎಷ್ಟು ಮನೆಗಳಲ್ಲಿಲ್ಲ! ದಾನಿಯ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆಯೇ ಎಂದು ಕಡ್ಡಾಯವಾಗಿ ನೋಡುವ ನಿಯಮ ನಮ್ಮ ದೇಶಕ್ಕೆ ಬಂದದ್ದು ಈ ಶತಮಾನದ ಆರಂಭದಲ್ಲಿ. ಅದಕ್ಕೂ ಮೊದಲು ರಕ್ತ ಹಾಕಿಸಿಕೊಂಡವರೆಲ್ಲ ಈಗ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ರಕ್ತ ಏನನ್ನು ಹೊತ್ತು ತರಬಹುದು ಎಂಬುದಕ್ಕೆ ನಮ್ಮ ನೆಲದಲ್ಲೇ ಶುರುವಾದ ಒಂದು ಕಥೆ ಇದೆ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ತೆಗೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟಾಯಿತು. ಜೀವ ಉಳಿಸಲು ಎಷ್ಟೋ ದಾನಿಗಳ ರಕ್ತ ಹಾಕಬೇಕಾಯಿತು. ಆ ರಕ್ತದ ಜೊತೆ ಹೆಪಟೈಟಿಸ್ ಬಿ ಬಂತು. ವರ್ಷಗಳ ನಂತರ ಅದು ಗೊತ್ತಾಗುವಷ್ಟರಲ್ಲಿ ಲಿವರಿನ ಮುಕ್ಕಾಲು ಪಾಲು ಹಾಳಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಅವರದು ಬಿ, ನಾನು ಹೇಳುತ್ತಿರುವುದು ಸಿ. ಆದರೆ ಪಾಠ ಒಂದೇ. ಅಷ್ಟು ದೊಡ್ಡ ನಟನಿಗೆ, ಎಲ್ಲ ಅನುಕೂಲ ಇದ್ದವರಿಗೆ, ಲಿವರ್ ಕೆಡುತ್ತಿರುವ ಸುಳಿವು ಸಿಗಲಿಲ್ಲ. ಮೂರನೆಯ ಮಹಡಿಗೆ ಇಟ್ಟಿಗೆ ಹೊರುವ ನಮ್ಮ ಕಾಕಾನಿಗೆ ಸಿಕ್ಕೀತೇ? ಬಚ್ಚನ್ ಅದನ್ನು ಮುಚ್ಚಿಡಲಿಲ್ಲ. 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಹೆಪಟೈಟಿಸ್ ರಾಯಭಾರಿಯಾಗಿ ಊರೆಲ್ಲ ಕೇಳುವಂತೆ ಹೇಳಿದರು.

ಇದು ಹಿರಿಯರ ಕಾಲದ ರೋಗ ಎಂದು ನೀವು ಸುಮ್ಮನಾಗುವಂತಿಲ್ಲ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಾಕುವ ಹಚ್ಚೆ ಇದೆ. ಮೈ ಬೇಗ ಉಬ್ಬಲೆಂದು ಜಿಮ್‌ನಲ್ಲಿ ಗೆಳೆಯರು ಹಂಚಿಕೊಳ್ಳುವ ಸ್ಟೆರಾಯ್ಡ್ ಸಿರಿಂಜು ಇದೆ. ಬ್ಲೇಡು ಬದಲಿಸದ ಕ್ಷೌರದ ಕತ್ತಿ, ಮೈಯಿಂದ ರಕ್ತ ತೆಗೆಸುವ ಹಿಜಾಮಾಕ್ಕೆ ಬಳಸುವ ಹಳೆಯ ಬ್ಲೇಡು, ರೂಮಿನಲ್ಲಿ ನಾಲ್ವರಿಗೂ ಒಂದೇ ರೇಜರ್, ಇವೆಲ್ಲ ವೈರಾಣುವಿಗೆ ಬಾಗಿಲು. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತದಲ್ಲೂ ಅದು ದಿನಗಟ್ಟಲೆ ಬದುಕಿರಬಲ್ಲದು. ಇನ್ನು ನಶೆ. ಸಿರಿಂಜು ಹಂಚಿಕೊಂಡು ಚುಚ್ಚಿಕೊಳ್ಳುವವರಲ್ಲಿ ಈ ಸೋಂಕು ಬಹಳ ಬೇಗ ಹರಡುತ್ತದೆ. ಮಣಿಪುರ ಅದನ್ನು ಕಣ್ಣೀರು ಸುರಿಸಿ ಕಲಿತಿದೆ. ನಿಮ್ಮ ಗೆಳೆಯ ಆ ದಾರಿ ಹಿಡಿದಿದ್ದರೆ ಬೈದು ದೂರ ಮಾಡಬೇಡಿ, ಪರೀಕ್ಷೆಗೆ ಕರೆತನ್ನಿ. ಬೈಗುಳದಿಂದ ಯಾರೂ ಆಸ್ಪತ್ರೆಗೆ ಬಂದದ್ದಿಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಥಲಸ್ಸೀಮಿಯಾ ಅಥವಾ ಹಿಮೋಫಿಲಿಯಾದಿಂದಾಗಿ ಮತ್ತೆ ಮತ್ತೆ ರಕ್ತ ಬೇಕಾಗುವವರು, ಎಚ್‌ಐವಿ ಇರುವವರು, ಸೂಜಿ ಚುಚ್ಚಿಸಿಕೊಳ್ಳುವ ಅಪಾಯದಲ್ಲೇ ದುಡಿಯುವ ನರ್ಸು, ವಾರ್ಡ್‌ಬಾಯ್, ಆಸ್ಪತ್ರೆಯ ಕಸ ಎತ್ತುವವರು, ಇವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾದವರೇ. ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿಗೆ ಕೂಸಿಗೆ ದಾಟುವ ಸಾಧ್ಯತೆಯೂ ಉಂಟು, ಅದು ನೂರರಲ್ಲಿ ಐದಾರು.

ಲಿವರ್ ಕೂಗಿಕೊಳ್ಳುವುದಿಲ್ಲ

ಸೋಂಕು ತಗುಲಿದ ಹತ್ತು ಜನರಲ್ಲಿ ಎಂಟು ಜನರಿಗೆ ಮೊದಲಿಗೆ ಏನೂ ಅನ್ನಿಸುವುದಿಲ್ಲ. ಆ ಹತ್ತು ಜನರ ಪೈಕಿ ಸುಮಾರು ಮೂವರಲ್ಲಿ ಆರು ತಿಂಗಳೊಳಗೆ ಮೈಯೇ ವೈರಾಣುವನ್ನು ಓಡಿಸುತ್ತದೆ. ಉಳಿದ ಏಳು ಜನರಲ್ಲಿ ಅದು ಠಿಕಾಣಿ ಹೂಡುತ್ತದೆ. ಆಯಾಸ ಅನ್ನಿಸಿದರೆ ಕೆಲಸ ಹೆಚ್ಚಾಯಿತು ಅಂದುಕೊಳ್ಳುತ್ತೇವೆ, ಹಸಿವು ಕಡಿಮೆಯಾದರೆ ಪಿತ್ತ ಅಂದುಕೊಳ್ಳುತ್ತೇವೆ. ಹೀಗೇ ಇಪ್ಪತ್ತು ವರ್ಷ ಕಳೆದರೆ, ಸೋಂಕು ಉಳಿದವರ ಪೈಕಿ ನೂರರಲ್ಲಿ ಹದಿನೈದರಿಂದ ಮೂವತ್ತು ಜನರ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ಕಾರುವುದು, ಮಂಕು ಕವಿಯುವುದು, ಲಿವರ್ ಕ್ಯಾನ್ಸರ್, ಇವೆಲ್ಲ ಕಾಣಿಸಿಕೊಳ್ಳುವುದು ಆಗ. ಕುಡಿಯುವ ಚಟ ಜೊತೆಗಿದ್ದರೆ ಇನ್ನೂ ಬೇಗ.

ಇಲ್ಲೇ ನಾಟಿ ಔಷಧದ ಮಾತು ಬರುತ್ತದೆ. ಕಣ್ಣು ಹಳದಿಯಾದರೆ ನಮ್ಮವರು ಕಾಮಣಿ ಎನ್ನುತ್ತಾರೆ, ಮರಾಠಿ ನೆರೆಯವರು ಕಾವೀಳ್ ಎನ್ನುತ್ತಾರೆ, ಪೀಲಿಯಾ ಎನ್ನುವ ಮನೆಗಳೂ ಕೊಂಢವಾದಲ್ಲಿವೆ. ಎಲ್ಲರ ಬಳಿಯೂ ಒಬ್ಬ ಔಷಧ ಕೊಡುವವರ ವಿಳಾಸ ಇರುತ್ತದೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆ ಹೊತ್ತಿಗೆ ಕುಡಿದ ಸೊಪ್ಪಿನ ರಸಕ್ಕೆ ಕೀರ್ತಿ ಬರುತ್ತದೆ. ಆ ಕೀರ್ತಿಯನ್ನು ನಂಬಿ ಸಿ ಸೋಂಕಿಗೂ ಅದೇ ರಸ ಕುಡಿದರೆ ಕಣ್ಣಿನ ಹಳದಿ ಇಳಿದರೂ ವೈರಾಣು ಒಳಗೇ ಇರುತ್ತದೆ. ಅಜ್ಜಿಯ ಔಷಧದ ಬಗ್ಗೆ ಅಜ್ಜಿಯ ಜೊತೆ ಜಗಳ ಬೇಡ. ‘ಯಾವ ಕಾಮಣಿ ಅಂತ ಮೊದಲು ರಕ್ತ ನೋಡೋಣ, ಆಮೇಲೆ ಔಷಧದ ಮಾತು’ ಎಂದರೆ ಸಾಕು.

ಪರೀಕ್ಷೆ ಎರಡು ಮೆಟ್ಟಿಲಿನದು. ಮೊದಲನೆಯದು ಆ್ಯಂಟಿ-ಎಚ್‌ಸಿವಿ ಪರೀಕ್ಷೆ. ವೈರಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ಅದು ನೋಡುತ್ತದೆ. ಪ್ರತಿಕಾಯ ಗಾಯದ ಕಲೆ ಇದ್ದಂತೆ, ಗಾಯ ಮಾಸಿದ ಮೇಲೂ ಉಳಿಯುತ್ತದೆ. ಹಾಗಾಗಿ ಇದರಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ಎರಡನೆಯದು ಎಚ್‌ಸಿವಿ ಆರ್‌ಎನ್‌ಎ, ವೈರಲ್ ಲೋಡ್ ಎಂದೂ ಕರೆಯುತ್ತಾರೆ. ವೈರಾಣು ಈಗಲೂ ರಕ್ತದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ಇದು. ಮೊದಲನೆಯ ವರದಿ ನೋಡಿ ಅತ್ತು ಮಲಗಿದವರೂ ಇದ್ದಾರೆ, ಅದನ್ನು ಮಡಿಚಿ ಟ್ರಂಕಿನಲ್ಲಿಟ್ಟು ಮರೆತವರೂ ಇದ್ದಾರೆ. ಎರಡೂ ತಪ್ಪು. ಎರಡನೆಯ ಮೆಟ್ಟಿಲು ಹತ್ತಿಸುವುದು ನಿಮ್ಮ ಹೊಣೆ.

ಗಲ್ಫ್ ಕೆಲಸಕ್ಕೆ ಹೊರಟಾಗಿನ ಮೆಡಿಕಲ್ ತಪಾಸಣೆಯಲ್ಲೋ, ರಕ್ತದಾನ ಶಿಬಿರದ ನಂತರ ಬಂದ ಫೋನಿನಲ್ಲೋ ಮೊದಲ ಬಾರಿಗೆ ಸುದ್ದಿ ತಿಳಿಯುವವರೂ ಇದ್ದಾರೆ. ಶಿವಜಯಂತಿಗೆ, ಈದ್ ಮಿಲಾದ್‌ಗೆ, ಗಣಪತಿ ಹಬ್ಬಕ್ಕೆ ಪುಣೆಯ ಹುಡುಗರು ಸಾಲುಗಟ್ಟಿ ರಕ್ತ ಕೊಡುತ್ತೀರಿ, ಅದು ನಿಮ್ಮ ದೊಡ್ಡತನ. ರಕ್ತನಿಧಿಯಿಂದ ‘ಒಮ್ಮೆ ಬಂದು ಭೇಟಿಯಾಗಿ’ ಎಂಬ ಕರೆ ಬಂದರೆ ಫೋನ್ ಕತ್ತರಿಸಬೇಡಿ, ಹೋಗಿ. ಆದರೆ ಪುಕ್ಕಟೆ ಪರೀಕ್ಷೆಯಾಗುತ್ತದೆಂದು ಮಾತ್ರ ರಕ್ತ ಕೊಡಬೇಡಿ. ಸೋಂಕು ಹೊಸದಾಗಿದ್ದರೆ ಪರೀಕ್ಷೆಯ ಕಣ್ಣು ತಪ್ಪಿಸಬಹುದು, ಆ ರಕ್ತ ಇನ್ನೊಬ್ಬರ ಮೈ ಸೇರಬಹುದು.

ಹನ್ನೆರಡು ವಾರ

ವೈರಾಣು ಇದೆ ಎಂದು ಖಾತ್ರಿಯಾದರೆ ಲಿವರ್ ಎಷ್ಟು ಕೆಟ್ಟಿದೆ ಎಂದು ಡಾಕ್ಟರು ಲೆಕ್ಕ ಹಾಕುತ್ತಾರೆ. ಅದಕ್ಕೂ ಮಾಮೂಲಿ ರಕ್ತಪರೀಕ್ಷೆ ಸಾಕು, ಬೇಕೆನಿಸಿದರೆ ಸೋನೋಗ್ರಫಿ. ಸಿರೋಸಿಸ್ ಇಲ್ಲದವರಿಗೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೊಫೊಸ್‌ಬುವಿರ್ ಮತ್ತು ಡಕ್ಲಾಟಾಸ್‌ವಿರ್, ಹನ್ನೆರಡು ವಾರ. ಸಿರೋಸಿಸ್ ಇದ್ದವರಿಗೆ ಸೊಫೊಸ್‌ಬುವಿರ್ ಜೊತೆ ವೆಲ್ಪಾಟಾಸ್‌ವಿರ್, ಕೆಲವರಿಗೆ ರಿಬಾವಿರಿನ್ ಸೇರಿಸಿ, ಅಥವಾ ಇನ್ನಷ್ಟು ವಾರ. ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಬೇಕು. ಎರಡೂ ಇದ್ದರೆ, ಸಿ ಹೋಗುತ್ತಿದ್ದಂತೆ ಬಿ ಹೆಡೆ ಎತ್ತಬಹುದು.

ತಲೆನೋವು, ಆಯಾಸ ಬಿಟ್ಟರೆ ಹೆಚ್ಚಿನವರಿಗೆ ಈ ಮಾತ್ರೆಗಳಿಂದ ದೊಡ್ಡ ತೊಂದರೆ ಆಗುವುದಿಲ್ಲ. ತೊಂದರೆ ಬರುವುದು ಬೇರೆ ಮಾತ್ರೆಗಳ ಜೊತೆ ಬೆರೆತಾಗ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಅಸಿಡಿಟಿ ಮಾತ್ರೆ ವೆಲ್ಪಾಟಾಸ್‌ವಿರ್ ಮೈಗೆ ಹತ್ತದಂತೆ ಮಾಡಬಲ್ಲದು. ಟಿಬಿಗೆ ಕೊಡುವ ರಿಫಾಂಪಿಸಿನ್ ಈ ಔಷಧಗಳ ಬಲ ಕುಗ್ಗಿಸುತ್ತದೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್ ಜೊತೆಗಂತೂ ಸೊಫೊಸ್‌ಬುವಿರ್ ಅಪಾಯ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಸೊಪ್ಪಿನ ಪುಡಿ ಇದ್ದರೆ ಅದನ್ನೂ.

ಮಾತ್ರೆ ಮುಗಿದು ಇನ್ನೂ ಹನ್ನೆರಡು ವಾರ ಕಳೆದ ಮೇಲೆ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷೆ. ಆಗ ವೈರಾಣು ಕಾಣದಿದ್ದರೆ ಗುಣವಾಯಿತು ಎಂದೇ ಅರ್ಥ. ಸಿರೋಸಿಸ್ ಆಗಿದ್ದವರು ಮಾತ್ರ ಆಮೇಲೂ ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡಿಸುತ್ತಿರಬೇಕು. ಒಮ್ಮೆ ಗುಣವಾದವರಿಗೆ ಸೋಂಕು ಮತ್ತೆ ತಗುಲಲಾರದು ಎಂದೇನಿಲ್ಲ. ಇದಕ್ಕೆ ಲಸಿಕೆ ಇನ್ನೂ ಬಂದಿಲ್ಲ. ಬಿಗೆ ಲಸಿಕೆ ಇದೆ. ಕೊಂಢವಾಕ್ಕೆ ಸಮೀಪದ ಹಡಪಸರದಲ್ಲಿರುವ ಸೀರಂ ಇನ್‌ಸ್ಟಿಟ್ಯೂಟ್ ಅದನ್ನು ತಯಾರಿಸುತ್ತದೆ. ಚಿಕ್ಕಂದಿನಲ್ಲಿ ನಿಮಗೆ ಅದು ಬಿದ್ದಿಲ್ಲವಾದರೆ ಈಗಲಾದರೂ ಮೂರು ಡೋಸ್ ಹಾಕಿಸಿಕೊಳ್ಳಿ.

ನಾಲ್ಕು ಭಾಷೆಯ ಬಲ

ಈಗ ಕೊಂಢವಾಕ್ಕೆ ಬರೋಣ. ಇಲ್ಲಿ ಈ ರೋಗ ಬೇರೆಡೆಗಿಂತ ಹೆಚ್ಚು ಎಂದು ಯಾರೂ ಭಾವಿಸಬೇಕಾಗಿಲ್ಲ. ಕೊಂಢವಾದ ಹುಡುಗರನ್ನೇ ಕರೆಯುತ್ತಿರುವುದಕ್ಕೆ ಕಾರಣ ಬೇರೆ. ಖುರ್ದ್ ಮತ್ತು ಬುದ್ರುಕ್ ಎಂಬ ಎರಡು ಹಳ್ಳಿಗಳು ಬೆಳೆದು ಆದ ಈ ಉಪನಗರದಲ್ಲಿ ಕೌಸರ್ ಬಾಗ್, ಮೀಠಾನಗರದ ಒತ್ತೊತ್ತಾದ ಮನೆಗಳಿವೆ, ಎನ್‌ಐಬಿಎಂ ರಸ್ತೆಯ ಎತ್ತರದ ಅಪಾರ್ಟ್‌ಮೆಂಟುಗಳಿವೆ, ಉಂಡ್ರಿ, ಪಿಸೋಳಿ, ಯೇವಲೇವಾಡಿಯ ಕಡೆ ಏಳುತ್ತಲೇ ಇರುವ ಹೊಸ ಕಟ್ಟಡಗಳಿವೆ. ಆ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ವೇರ್ ಬರೆಯುವ ಕನ್ನಡಿಗರಿದ್ದಾರೆ. ಆ ಕಟ್ಟಡಕ್ಕೆ ಸಿಮೆಂಟು ಕಲಸುವ ಕಲಬುರಗಿ, ಯಾದಗಿರಿ, ವಿಜಯಪುರದವರಿದ್ದಾರೆ. ಹೋಟೆಲಿನ ಗಲ್ಲೆಯಲ್ಲಿ, ದೋಸೆಯ ಕಾವಲಿಯ ಮುಂದೆ ಉಡುಪಿ, ಕುಂದಾಪುರದವರಿದ್ದಾರೆ.

ಈ ಜನರ ನಡುವೆ ಬೆಳೆದ ನಿಮಗೆ ಕನ್ನಡ ಬರುತ್ತದೆ, ಹಿಂದಿ ಬರುತ್ತದೆ, ಶಾಲೆಯ ಮರಾಠಿ ಬರುತ್ತದೆ, ಕಾಲೇಜಿನ ಇಂಗ್ಲಿಷ್ ಬರುತ್ತದೆ. ಊರಿಂದ ಹೋದ ವಾರ ಬಂದಿಳಿದ ಗಾರೆ ಕೆಲಸದವನಿಗೆ ಬರುವುದು ಒಂದೇ ಭಾಷೆ. ಆಸ್ಪತ್ರೆಯ ಕೇಸ್ ಪೇಪರ್ ಕಿಟಕಿಯ ಮುಂದೆ ಆತ ತಬ್ಬಿಬ್ಬಾಗುತ್ತಾನೆ. ಯಾವ ಕೋಣೆ, ಯಾವ ವಾರ, ಬರಿಹೊಟ್ಟೆಯಲ್ಲಿ ಬರಬೇಕೋ ಬೇಡವೋ, ಆಧಾರ್ ಯಾಕೆ ಕೇಳುತ್ತಾರೆ ಎಂಬುದು ತಿಳಿಯದೆ ಅರ್ಧ ದಿನದ ಪಗಾರ ಕಳೆದುಕೊಂಡು ವಾಪಸ್ಸಾದವನು ಮತ್ತೆ ಅತ್ತ ತಲೆ ಹಾಕುವುದಿಲ್ಲ. ಆತನ ಜೊತೆ ಆ ಕಿಟಕಿಯ ಮುಂದೆ ನಿಲ್ಲಬಲ್ಲವರು ನೀವು. ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಗೆ ಒಮ್ಮೆ ನೀವೇ ಹೋಗಿ, ಹೆಪಟೈಟಿಸ್ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರ ಎಲ್ಲಿದೆ, ಓಪಿಡಿ ಯಾವ ದಿನ, ಯಾವ ಕಾಗದ ಬೇಕು ಎಂದು ಕೇಳಿಕೊಂಡು ಬನ್ನಿ. ತಿಳಿದದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಓದು ಬಾರದವರಿಗಾಗಿ ನಿಮ್ಮ ದನಿಯಲ್ಲೇ ಹೇಳಿ ಕಳಿಸಿ.

ಕಟ್ಟಡ ಕೆಲಸದವರಿಗೆ ಇನ್ನೊಂದು ಅಡ್ಡಿ ಉಂಟು. ಕಂತ್ರಾಟು ಮುಗಿದರೆ ಊರು ಬದಲು, ಹಬ್ಬ ಬಂದರೆ ಊರಿಗೆ, ಮಾತ್ರೆ ನಡುವೆಯೇ ನಿಲ್ಲುತ್ತದೆ. ನಡುವೆ ಬಿಟ್ಟರೆ ಪಟ್ಟ ಪಾಡೆಲ್ಲ ನೀರಿಗೆ. ಶುರುಮಾಡುವ ದಿನವೇ ಡಾಕ್ಟರಿಗೆ ಊರು ಬಿಡುವ ತಾರೀಖು ಹೇಳಿಸಿ. ಕಾರ್ಯಕ್ರಮ ಇಡೀ ದೇಶದ್ದು, ಕರ್ನಾಟಕದಲ್ಲೂ ನಡೆಯುತ್ತಿದೆ. ಕಾಗದಪತ್ರ ಜೊತೆಗಿದ್ದರೆ ಅಲ್ಲಿಯ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಸುವ ದಾರಿ ಹುಡುಕಬಹುದು. ದಿನವೂ ಮಾತ್ರೆ ನುಂಗಿದಿರಾ ಎಂದು ಕೇಳುವ ಒಂದು ಫೋನು, ಹನ್ನೆರಡು ವಾರ, ಅದೂ ನಿಮ್ಮ ಕೆಲಸವೇ.

ಹೋಟೆಲಿನವರಿಗೆ ಒಂದು ಮಾತು. ಹೆಪಟೈಟಿಸ್ ಸಿ ಇರುವ ಹುಡುಗ ಅಡುಗೆ ಮಾಡಬಹುದು, ಬಡಿಸಬಹುದು, ಎಲ್ಲರ ಜೊತೆ ಉಣ್ಣಬಹುದು, ಕೋಣೆಯಲ್ಲಿ ಮಲಗಬಹುದು. ಕೈ ಕೊಯ್ದುಕೊಂಡರೆ ಪಟ್ಟಿ ಕಟ್ಟಿಕೊಳ್ಳಬೇಕು, ಅದು ಎಲ್ಲರಿಗೂ ಇರುವ ನಿಯಮವೇ. ವರದಿ ನೋಡಿ ಕೆಲಸದಿಂದ ತೆಗೆದರೆ ಮಾರನೆಯ ದಿನದಿಂದ ಯಾರೂ ಪರೀಕ್ಷೆಗೇ ಹೋಗುವುದಿಲ್ಲ. ಕೆಲಸದಲ್ಲಿಟ್ಟುಕೊಂಡು, ತಿಂಗಳಿಗೊಂದು ದಿನ ಆಸ್ಪತ್ರೆಗೆ ರಜೆ ಕೊಟ್ಟರೆ, ಮೂರು ತಿಂಗಳ ಚಿಕಿತ್ಸೆಯಲ್ಲಿ ಹೆಚ್ಚಿನವರ ರೋಗ ಹೋಗುತ್ತದೆ. ಮಾಲೀಕರ ಮಕ್ಕಳಾದ ನೀವು ಇದನ್ನು ಅಪ್ಪನಿಗೆ ಹೇಳಿ. ಮದುವೆಯ ಮಾತುಕತೆಯಲ್ಲೂ ಅಷ್ಟೇ, ಗುಣವಾದ ರೋಗವನ್ನು ಜಾತಕಕ್ಕೆ ಅಂಟಿಸುವವರ ಬಾಯಿ ಮುಚ್ಚಿಸುವ ತಿಳಿವಳಿಕೆ ಈಗ ನಿಮ್ಮ ಬಳಿ ಇದೆ.

ಪುಣೆ ಒಮ್ಮೆ ನಮ್ಮ ಕಾಡಿಗೆ ಬಂದಿತ್ತು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ, ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಹಳ್ಳಿಯ ಜನ ಜ್ವರ ಹಿಡಿದು ಮಲಗಿದರು. ಅದರ ಮೂಲ ಹುಡುಕಲು ಹೊರಟವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 1952ರಲ್ಲಿ ಶುರುವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಲೆನಾಡಿನ ಉಣ್ಣೆಹುಳು, ಮಂಗ, ಮನುಷ್ಯನ ರಕ್ತದಿಂದ ಅವರು ಹೊಸದೊಂದು ವೈರಾಣುವನ್ನು ಬೇರ್ಪಡಿಸಿದರು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗದ ವೈರಾಣುವೂ ಹೆಪಟೈಟಿಸ್ ಸಿ ವೈರಾಣುವೂ ಒಂದೇ ದೊಡ್ಡ ಕುಟುಂಬಕ್ಕೆ, ಫ್ಲೇವಿವಿರಿಡೇಗೆ, ಸೇರಿದವು. ಕನ್ನಡದ ಕಾಡಿನ ಕಷ್ಟಕ್ಕೆ ಪುಣೆ ಓಗೊಟ್ಟಿತ್ತು. ಈಗ ಪುಣೆಯಲ್ಲಿ ಅನ್ನ ಉಣ್ಣುತ್ತಿರುವ ಕನ್ನಡದ ಮಕ್ಕಳು ಪುಣೆಯ ಕಷ್ಟಕ್ಕೆ ಓಗೊಡುವ ಸರದಿ. ಪಕ್ಕದ ಮನೆಯ ಮರಾಠಿ ಆಜಿಯನ್ನೂ, ಎದುರು ಗಲ್ಲಿಯ ಖಾಲಾಜಾನ್ ಅವರನ್ನೂ ಅದೇ ಸಾಲಿನಲ್ಲಿ ಕರೆದೊಯ್ಯಿರಿ.

ಈ ರೋಗವನ್ನು ಓಡಿಸುವುದು ಸಾಧ್ಯವೇ ಎಂದು ಅನುಮಾನ ಬಂದರೆ ಈಜಿಪ್ಟ್ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಹೆಪಟೈಟಿಸ್ ಸಿ ಇದ್ದ ದೇಶಗಳಲ್ಲಿ ಅದೂ ಒಂದು. ಬೇರೊಂದು ರೋಗವನ್ನು ಓಡಿಸಲು ದಶಕಗಳ ಹಿಂದೆ ಊರೂರಿಗೆ ಹೋಗಿ ಹಾಕಿದ ಇಂಜೆಕ್ಷನ್ನಿನ ಸೂಜಿಗಳೇ ಅಲ್ಲಿ ಸೋಂಕನ್ನು ಹರಡಿದ್ದವು. ಆ ದೇಶ 2018ರಿಂದ 2019ರವರೆಗಿನ ಕೆಲವೇ ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿತು. ಸೋಂಕಿದ್ದವರಿಗೆ ಪುಕ್ಕಟೆ ಮಾತ್ರೆ ಕೊಟ್ಟಿತು. 2023ರಲ್ಲಿ ಹೆಪಟೈಟಿಸ್ ಸಿ ನಿರ್ಮೂಲನದ ಹಾದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಚಿನ್ನದ ದರ್ಜೆಯ ಮನ್ನಣೆ ಪಡೆದ ಮೊದಲ ದೇಶವಾಯಿತು. ಅವರು ನುಂಗಿದ್ದೂ ಇದೇ ಬಗೆಯ ಮಾತ್ರೆ. ಜನರನ್ನು ಪರೀಕ್ಷೆಗೆ ಕರೆತಂದದ್ದೇ ಅವರ ಗೆಲುವು.

ಅವ್ವ ಒಪ್ಪುವುದಿಲ್ಲ ಎಂದು ನನಗೂ ಗೊತ್ತು. ‘ಏನಾಗ್ಯಾದ ನನಗ? ಆರಾಮ ಅದೀನಿ’ ಅನ್ನುತ್ತಾಳೆ. ಅಪ್ಪ ‘ಸುಮ್ಮ ರೊಕ್ಕ ದಂಡ’ ಅನ್ನುತ್ತಾನೆ. ವಾದ ಮಾಡಬೇಡಿ. ‘ನಾನೂ ರಕ್ತ ಕೊಡ್ತೀನಿ, ಇಬ್ಬರೂ ಕೂಡೇ ಹೋಗೂಣು ನಡೀ’ ಎನ್ನಿ. ಮಗ ಕೂಡೇ ಕೂತು ತೋಳು ಚಾಚಿದರೆ ಯಾವ ತಾಯಿಯೂ ಎದ್ದು ಹೋಗುವುದಿಲ್ಲ.

ಜುಲೈ 28ರ ವಿಶ್ವ ಹೆಪಟೈಟಿಸ್ ದಿನ ಬರಲಿ ಎಂದು ಕಾಯಬೇಡಿ. ಈ ಭಾನುವಾರ ಊಟಕ್ಕೆ ಎಲ್ಲರೂ ಕೂತಾಗ ಆ ಪ್ರಶ್ನೆ ಕೇಳಿ. ಹೌದೆಂದವರ ಹೆಸರು ಬರೆದುಕೊಳ್ಳಿ, ನಿಮ್ಮ ಹೆಸರನ್ನೂ ಸೇರಿಸಿ. ನಿಮ್ಮ ಗಲ್ಲಿಯಿಂದ ಹತ್ತು ಜನ, ನಿಮ್ಮ ಸೈಟಿನಿಂದ ಹತ್ತು ಜನ, ನಿಮ್ಮ ಹೋಟೆಲಿನಿಂದ ಹತ್ತು ಜನ ಎಂದು ಲೆಕ್ಕ ಇಡಿ. ಎಷ್ಟು ಭಾಷಣ ಕೇಳಿದಿರಿ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಜನರನ್ನು ಕರೆತಂದಿರಿ ಎಂದು ಕೇಳುತ್ತಾರೆ. ಸೋಮವಾರ ಬೆಳಿಗ್ಗೆ ಕೇಸ್ ಪೇಪರ್ ಕಿಟಕಿ ತೆರೆಯುತ್ತದೆ. ಸಾಲಿನಲ್ಲಿ ಮೊದಲು ನಿಂತವರು ನೀವಾಗಿರಿ.